ಕುಡಿದಾಗ ಮಾತ್ರ ಮಗನ ಹೆಸರು: ಒಂದು ಮನೆಯ ನರ್ಸಿಂಗ್ ಅಸೆಸ್‌ಮೆಂಟ್

ಈ ಮನೆಯವರು ನಮಗೆ ಸಿಕ್ಕಿದ್ದು ಕುಡಿತದ ಕೇಸ್ ಆಗಿ. ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಗಂಡಸು, 48 ವರ್ಷ, ಕುಡಿತ ನಿಲ್ಲಿಸಿ ಒಂದೂವರೆ ದಿನ, ಒಂದು ಸಲ ಫಿಟ್ಸ್. ಮನೆಯ ಹಿನ್ನೆಲೆಯ ಜಾಗದಲ್ಲಿ ಒಂದೇ ಸಾಲು. ತಂದೆಗೂ ಕುಡಿತ ಇತ್ತು. ಹದಿನಾಲ್ಕು ತಿಂಗಳ ಹಿಂದೆ ಈ ಮನುಷ್ಯನ 21 ವರ್ಷದ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಅದು ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮುದಾಯ ನರ್ಸ್. ಊರು, ಗುರುತುಗಳನ್ನು ಬದಲಿಸಿದ್ದೇನೆ. ಕೆಲವು ವಿವರಗಳು ಇಂಥದ್ದೇ ಬೇರೆ ಮನೆಗಳಿಂದ ಬಂದಿವೆ. ಹೆಸರುಗಳ ಬದಲು ಅಪ್ಪ, ಅಮ್ಮ, ಅಜ್ಜಿ, ಮಗಳು ಅಂತಲೇ ಬರೆಯುತ್ತೇನೆ. ನಾಲೆ ನೀರಿನ ಕಬ್ಬಿನ ಸೀಮೆ, ಒಂದೂಕಾಲು ಎಕರೆ ಜಮೀನು, ಎರಡು ಸೀಮೆ ಹಸು, ಡೇರಿಗೆ ಹಾಲು. ಮಂಡ್ಯ ಕಡೆ ಇಂಥ ಮನೆಗಳು ಬೇಕಾದಷ್ಟಿವೆ.

ಮಾಲೆ ಹಾಕಿದ ಮೂರನೇ ದಿನ

ಡಿಸೆಂಬರ್. ವರ್ಷದ ಮೈಲಿಗೆ ಕಳೆದಿತ್ತು. ಭಾವಮೈದುನ ಬಲವಂತ ಮಾಡಿ ಅಪ್ಪನಿಗೆ ಅಯ್ಯಪ್ಪ ಮಾಲೆ ಹಾಕಿಸಿದ. ಮಾಲೆ ಹಾಕಿದರೆ ನಲವತ್ತೊಂದು ದಿನ ಕುಡಿಯುವ ಹಾಗಿಲ್ಲ, ಹಾಗೇ ಬಿಟ್ಟುಹೋಗಲಿ ಅನ್ನುವ ಆಸೆ. ಆಸೆ ಒಳ್ಳೆಯದೇ. ಎಷ್ಟೋ ಜನ ಹೀಗೆಯೇ ಬಿಟ್ಟಿದ್ದಾರೆ. ಆದರೆ ದಿನಾ ಎರಡು ಕ್ವಾರ್ಟರ್ ಕುಡಿಯುವ ದೇಹಕ್ಕೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ವರ್ಷಗಟ್ಟಲೆ ಮದ್ಯ ಮಿದುಳನ್ನು ಒಂದು ಕಡೆಗೆ ಎಳೆಯುತ್ತಿರುತ್ತದೆ, ಮಿದುಳು ಇನ್ನೊಂದು ಕಡೆಗೆ ಎಳೆದು ಹೇಗೋ ನಿಂತಿರುತ್ತದೆ. ಹಗ್ಗ ಜಗ್ಗಾಟದಲ್ಲಿ ಎದುರಿನವರು ಕೈಬಿಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಮೊದಲ ದಿನವೇ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಪೂರ್ತಿ ಗೊಂದಲ, ಇಲ್ಲದ್ದು ಕಾಣುವುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು.

ಇವರಿಗೂ ಮೂರನೇ ದಿನ ಅದೇ ಆಯಿತು. ಕಂಡದ್ದು ಮಗ. ಬಾಗಿಲ ಕಡೆ ನೋಡಿ "ಬಾ ಮಗ, ಒಳಗೆ ಬಾ, ಯಾಕ್ ನಿಂತಿದ್ದೀಯ" ಅಂತ ಕರೆದರು. ಹಾಸಿಗೆ ಪಕ್ಕ ಕೂತಿದ್ದ ಅಜ್ಜಿ ಕೈಮುಗಿದರು. ಮೊಮ್ಮಗ ಬಂದಿದ್ದಾನೆ, ಅವನ ಗಾಳಿ ಸೋಕಿದೆ, ಬಿಡಿಸಿಕೊಂಡು ಬರೋಣ ಅಂತ ಹಟ ಹಿಡಿದರು. ಜಿಲ್ಲಾ ಆಸ್ಪತ್ರೆಗೆ ಸಾಗಿಸುವುದು ಒಂದು ಗಂಟೆ ತಡವಾಗಿದ್ದು ಈ ಮಾತಿನಿಂದಲೇ. ಅಜ್ಜಿಗೆ ಎದುರು ಮಾತಾಡದೆ ನಮ್ಮ ಡಾಕ್ಟರು ಹೇಳಿದ್ದು ಹೀಗೆ: "ಅಜ್ಜಿ, ಅವರ ಮನಸ್ಸಲ್ಲಿ ಇರೋದೇ ಅವರಿಗೆ ಕಾಣ್ತಿದೆ. ಮೊದಲು ಜೀವ ಉಳಿಸೋಣ." ಅಜ್ಜಿ ಒಪ್ಪಿದರು.

ನರ್ಸ್‌ಗಳಿಗೆ ಒಂದು ಮಾತು. ಇಂಥ ರೋಗಿ ಬಂದಾಗ ಮನೆಯವರು ಮೊದಲು ಕೇಳುವುದು "ಗ್ಲೂಕೋಸ್ ಏರಿಸಿ". ಗ್ಲೂಕೋಸ್‌ಗೆ ಮೊದಲೇ ಥಯಾಮಿನ್, ಅಂದರೆ ವಿಟಮಿನ್ ಬಿ1, ಇಂಜೆಕ್ಷನ್ ಹೋಗಿದೆಯಾ ನೋಡಿಕೊಳ್ಳಿ. ಕುಡಿತ ಜಾಸ್ತಿ ಇದ್ದು ಊಟ ಕಡಿಮೆಯಾದವರಲ್ಲಿ ಈ ವಿಟಮಿನ್ ಬರಿದಾಗಿರುತ್ತದೆ. ಬರೀ ಗ್ಲೂಕೋಸ್ ಕೊಟ್ಟರೆ ವರ್ನಿಕೆ ಎಂಬ ಮಿದುಳಿನ ತೊಂದರೆ ಬರಬಹುದು, ಇದ್ದದ್ದು ಹೆಚ್ಚಾಗಲೂಬಹುದು. ಗೊಂದಲ, ಕಣ್ಣಿನ ಚಲನೆಯಲ್ಲಿ ಏರುಪೇರು, ತೂರಾಡುವ ನಡಿಗೆ ಅದರ ಗುರುತು. ಇದನ್ನೂ "ಇನ್ನೂ ನಿಶೆ ಇಳಿದಿಲ್ಲ" ಅಂತ ಬಿಟ್ಟುಬಿಡುವುದುಂಟು.

"ಎರಡು" ಅಂದರೆ ಎಷ್ಟು

ಗೊಂದಲ ಇಳಿದ ಮೇಲೆ, ಕುಡಿತ ಎಷ್ಟರಮಟ್ಟಿಗಿದೆ ಅಂತ ಅಳೆಯುವ ಆಡಿಟ್ ಪ್ರಶ್ನಾವಳಿ ಕೇಳಿದೆವು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳು, ಒಟ್ಟು 40 ಅಂಕ. ಎಂಟು ಅಥವಾ ಹೆಚ್ಚು ಬಂದರೆ ಅಪಾಯದ ಕುಡಿತ, ಇಪ್ಪತ್ತು ಅಥವಾ ಹೆಚ್ಚು ಬಂದರೆ ಅವಲಂಬನೆ ಇರುವ ಸಾಧ್ಯತೆ. ಇದರ ಎರಡನೇ ಪ್ರಶ್ನೆ, ಕುಡಿಯುವ ದಿನ ಎಷ್ಟು ಡ್ರಿಂಕ್ ಆಗುತ್ತದೆ ಅನ್ನುವುದು. ಇವರು "ಎರಡು" ಅಂದರು. ಹಾಗೇ ಬರೆದುಕೊಂಡರೆ ಆ ಪ್ರಶ್ನೆಗೆ ಸೊನ್ನೆ ಅಂಕ. ಆದರೆ ಅವರ ಎರಡು ಅಂದರೆ ಎರಡು ಕ್ವಾರ್ಟರ್. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೊಹಾಲ್ ಇರುತ್ತದೆ. ಲೆಕ್ಕಕ್ಕೆ ಹಿಡಿಯುವ ಒಂದು ಡ್ರಿಂಕ್‌ನಲ್ಲಿ ಇರುವುದು 10 ಗ್ರಾಂ. ಅಂದರೆ ಇವರು ದಿನಾ ಹನ್ನೆರಡು ಡ್ರಿಂಕ್ ಕುಡಿಯುತ್ತಿದ್ದರು. ಆ ಪ್ರಶ್ನೆಗೆ ಪೂರ್ತಿ ನಾಲ್ಕು ಅಂಕ. ಒಟ್ಟು 31 ಬಂತು. ನಮ್ಮ ಕಡೆ ಕ್ವಾರ್ಟರ್, ತೊಂಬತ್ತು, ಟೆಟ್ರಾ ಪ್ಯಾಕ್ ಅಂತ ಕೇಳಿಯೇ ಲೆಕ್ಕ ಹಾಕಬೇಕು.

ಹದಿನೈದು ವರ್ಷದಿಂದ ಸಂಜೆ ಕುಡಿತ ಇತ್ತು. ಬೆಳಿಗ್ಗೆ ಎದ್ದಕೂಡಲೇ ಬೇಕು ಅನ್ನುವುದು ಶುರುವಾಗಿದ್ದು ಮಗ ಹೋದ ಮೇಲೆ.

2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ. ಈ ಮನುಷ್ಯ ಆ ಒಬ್ಬರಾದದ್ದು ಫಿಟ್ಸ್ ಬಂದದ್ದರಿಂದ. ಮನೆಯ ಉಳಿದ ಮೂವರಿಗೆ ಫಿಟ್ಸ್ ಬಂದಿರಲಿಲ್ಲ. ಅವರನ್ನು ನೋಡಲು ನಾವೇ ಹೋಗಬೇಕಿತ್ತು.

ಮನೆಯೊಳಗೆ

ಆಶಾ ಕಾರ್ಯಕರ್ತೆ ಜೊತೆಗೆ ಬಂದರು. ಅಸೆಸ್‌ಮೆಂಟ್‌ಗೆ ನಾನು ಹಿಡಿದದ್ದು ಕ್ಯಾಲ್ಗರಿ ಮಾದರಿ. ಕೆನಡಾದ ಲೊರೇನ್ ರೈಟ್ ಮತ್ತು ಮೌರೀನ್ ಲೀಹಿ ಎಂಬ ಇಬ್ಬರು 1984ರಲ್ಲಿ ಇದನ್ನು ಮುಂದಿಟ್ಟರು. ನೋಡಬೇಕಾದ್ದು ಮೂರು: ಮನೆಯಲ್ಲಿ ಯಾರ್ಯಾರಿದ್ದಾರೆ, ಮನೆ ಬದುಕಿನ ಯಾವ ಹಂತದಲ್ಲಿದೆ, ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ. ನಮ್ಮ ಹಳ್ಳಿ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅನುಭವ. ಕಾಫಿ ಕುಡಿಯುತ್ತ, ಸಂಬಂಧ ಕೇಳುತ್ತ ಅರ್ಧ ಕೆಲಸ ಮುಗಿದಿರುತ್ತದೆ.

ವಂಶನಕ್ಷೆ ಬರೆಯುವಾಗ ಅಜ್ಜಿಯನ್ನೇ ಕೇಳಿದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಅಡ್ಡಗೆರೆ. ಅಜ್ಜಿ ಒಬ್ಬೊಬ್ಬರನ್ನೇ ಹೇಳುತ್ತ ಹೋದರು. ಗಂಡ ಕಾಮಾಲೆ ಆಗಿ ಹೋದರು, ಕುಡಿತದಿಂದ. ದೊಡ್ಡ ಮಗ ಬೆಂಗಳೂರಲ್ಲಿ, ಅವನಿಗೂ ಕುಡಿತ. ಆಮೇಲೆ ಬೆರಳು ಕಾಗದದ ಮೇಲೆ ನಿಂತಿತು.

"ಇಲ್ಲೊಂದು ಹಾಕವ್ವ. ಆರು ವರ್ಸದ್ದು. ನಾಲೇಲಿ ಹೋಯ್ತು. ಮೂರು ದಿನಕ್ಕೆ ನಾನು ನಾಟಿಗೆ ಹೋದೆ. ಅತ್ರೆ ಬತ್ತದಾ?"

ಸೊಸೆ ತಲೆ ಎತ್ತಿ ನೋಡಿದರು. ಮದುವೆಯಾಗಿ ಇಪ್ಪತ್ತಮೂರು ವರ್ಷ, ಅತ್ತೆಗೆ ಇನ್ನೊಂದು ಮಗು ಇತ್ತು ಅಂತ ಆಕೆಗೆ ಗೊತ್ತೇ ಇರಲಿಲ್ಲ. ಈ ಮನೆಯಲ್ಲಿ ಸತ್ತ ಮಕ್ಕಳ ಬಗ್ಗೆ ಮಾತಾಡಬಾರದು ಅನ್ನುವ ನಿಯಮ ಹೊಸದಲ್ಲ. ಒಂದು ತಲೆಮಾರು ಹಿಂದಿನದು.

ಮಗನ ಫೋಟೋ ಹಾಲ್‌ನಲ್ಲಿತ್ತು, ಹಾರ ಇತ್ತು. ಆದರೆ ಯಾರೂ ಅವನ ಹೆಸರು ಹೇಳುತ್ತಿರಲಿಲ್ಲ. "ಅವನು", "ಆ ದಿನ", "ಆಮೇಲೆ" ಅಷ್ಟೇ. ನಾನು ಬೇಕೆಂತಲೇ ಹೆಸರು ಕೇಳಿ, ಹೆಸರು ಹಿಡಿದೇ ಮಾತಾಡಿದೆ. ಅಮ್ಮ ಎದ್ದು ಅಡುಗೆಮನೆಗೆ ಹೋದರು.

ಮಗಳು ಸೆಕೆಂಡ್ ಪಿಯುಸಿ, ಹದಿನೇಳು ವರ್ಷ. ಅವಳನ್ನು ಹಸುವಿನ ಕೊಟ್ಟಿಗೆ ಹತ್ತಿರ ಮಾತಾಡಿಸಿದೆ. ಇಂಥ ಮನೆಗಳಲ್ಲಿ "ಅಪ್ಪ ಕುಡಿದಾಗ ಏನಾಗುತ್ತದೆ" ಅಂತ ಎಲ್ಲರೂ ಕೇಳುತ್ತಾರೆ. ನಾನು ಉಲ್ಟಾ ಕೇಳಿದೆ.

"ಅಪ್ಪ ಕುಡಿಯದೆ ಬಂದ ದಿನ ಮನೆಯಲ್ಲಿ ಏನಾಗುತ್ತೆ ಪುಟ್ಟಿ?"

"ಏನೂ ಆಗಲ್ಲ ಮೇಡಂ. ಯಾರೂ ಮಾತಾಡಲ್ಲ. ಟಿವಿ ಹಾಕ್ತೀವಿ." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಅವತ್ತು ಅಮ್ಮ ಜಾಸ್ತಿ ಅಳ್ತಾರೆ. ಬಚ್ಚಲಲ್ಲಿ."

ಇಡೀ ಅಸೆಸ್‌ಮೆಂಟ್ ತಿರುಗಿದ್ದು ಈ ಉತ್ತರದಿಂದ. ಕುಡಿದ ದಿನ ಅಪ್ಪ ಒಂಬತ್ತು ಗಂಟೆಗೆ ಬಂದು ಫೋಟೋ ಮುಂದೆ ನಿಂತು ಮಗನ ಹೆಸರು ಕೂಗಿ ಅಳುತ್ತಾರೆ. ಅಮ್ಮ "ನಿನ್ನಿಂದಲೇ ಹೋದ" ಅಂತ ಬೈಯುತ್ತಾರೆ. ಅಜ್ಜಿ ಮಗನ ಪರ ನಿಲ್ಲುತ್ತಾರೆ. ಮಗಳು ಅಪ್ಪನ ಕೈ ಹಿಡಿದು ಮಲಗಿಸುತ್ತಾಳೆ, ಗಾಡಿ ಕೀ ಬಚ್ಚಿಡುತ್ತಾಳೆ. ಬೆಳಿಗ್ಗೆ ಎಲ್ಲರೂ ಏನೂ ಆಗಿಲ್ಲ ಅನ್ನುವ ಹಾಗೆ ಹಾಲು ಕರೆಯಲು ಹೋಗುತ್ತಾರೆ. ಸಂಜೆವರೆಗೂ ಮೌನ. ಆ ಮೌನ ತಡೆಯಲಾಗದೆ ಅಪ್ಪ ಮತ್ತೆ ಹೋಗುತ್ತಾರೆ. ಜಗಳದ ಹೊತ್ತಲ್ಲಿ ಮಾತ್ರ ಸತ್ತ ಹುಡುಗ ಆ ಮನೆಗೆ ಬರುತ್ತಿದ್ದ.

ಇದನ್ನು ಅಮ್ಮನ ಮುಂದೆ ಮೆಲ್ಲಗೆ ಇಟ್ಟೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ. "ಕುಡ್ದಾಗ್ಲಾದ್ರೂ ಅವ್ನ ಹೆಸ್ರು ಕೂಗ್ತಾರೆ ಸಿಸ್ಟರ್. ಬಿಟ್ಬಿಟ್ರೆ ಅದೂ ಇರಲ್ಲ."

ಅಪ್ಪನನ್ನು ಆಸ್ಪತ್ರೆಯಲ್ಲಿ ಕೇಳಿದಾಗ ಬಂದ ಮಾತು ಇದಕ್ಕೆ ಸರಿಯಾಗಿ ಕೂತಿತು. "ಹೋಶಲ್ಲಿ ಮಾತೆತ್ತಿದ್ರೆ ಅವಳು ಎದ್ದು ಹೋಗ್ತಾಳೆ. ಕುಡಿದ್ರೆ ಧೈರ್ಯ ಬರ್ತದೆ."

ಹೆಂಡತಿಗೆ ಗಂಡ ಕುಡಿಯುವುದು ಬೇಕು ಅಂತ ಯಾರೂ ಇದನ್ನು ಓದಬೇಡಿ. ಆಕೆ ಕುಡಿತದಿಂದ ಪಟ್ಟ ಪಾಡು ದೊಡ್ಡದು. ಆದರೆ ಕುಡಿತ ಆ ಮನೆಯಲ್ಲಿ ಬೇರೆ ಯಾವುದೂ ಮಾಡದ ಒಂದು ಕೆಲಸ ಮಾಡುತ್ತಿತ್ತು. ಅದನ್ನು ನೋಡದೆ ಬಾಟಲಿ ಒಂದನ್ನೇ ಕಿತ್ತುಕೊಂಡರೆ ಮನೆ ತಡೆದುಕೊಳ್ಳುವುದಿಲ್ಲ.

ಆ ರಾತ್ರಿ

ಮೂವರೂ ಬೇರೆಬೇರೆಯಾಗಿ ಹೇಳಿದ ಮೇಲೆ ತಿಳಿದದ್ದು ಇದು. ಅಪಘಾತದ ರಾತ್ರಿ ಅಪ್ಪ ಕುಡಿದು ಅಂಗಡಿ ಹತ್ತಿರ ಬಿದ್ದಿದ್ದರು. "ಹೋಗಿ ನಿಮ್ಮಪ್ಪನ್ನ ಕರ್ಕೊಂಡು ಬಾ" ಅಂತ ಮಗನನ್ನು ಕಳಿಸಿದ್ದು ಅಮ್ಮ. ದಾರಿಯಲ್ಲಿ ಲೈಟ್ ಇಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್‌ಗೆ ಬೈಕ್ ಗುದ್ದಿತು. ಅಪ್ಪನಿಗೆ ಗೊತ್ತು, ತನ್ನನ್ನು ಕರೆತರಲು ಬರುವಾಗ ಸತ್ತ. ಅಮ್ಮನಿಗೆ ಗೊತ್ತು, ಕಳಿಸಿದ್ದು ತಾನು. "ನಿನ್ನಿಂದಲೇ" ಅಂತ ಬೈಯುವಾಗ ಆಕೆ ತನ್ನನ್ನೂ ಬೈದುಕೊಳ್ಳುತ್ತಿದ್ದರು. ಮಗಳು ಅವತ್ತು ಅಲ್ಲೇ ಕೂತು ಓದುತ್ತಿದ್ದಳು, ಕೇಳಿಸಿಕೊಂಡಿದ್ದಳು. ಎರಡೂ ಗುಟ್ಟು ಅವಳೊಬ್ಬಳ ಹತ್ತಿರ.

ಇನ್ನೊಂದು ಸಂಗತಿ ಬ್ಯಾಂಕ್ ಖಾತೆಯಲ್ಲಿತ್ತು. ಹುಡುಗನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮೆ ಇತ್ತು. ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ ಕೊಟ್ಟು 2 ಲಕ್ಷ ಬಂದಿತ್ತು, ಅಪ್ಪನ ಹೆಸರಿಗೆ. ಕುಡಿತಕ್ಕೆ ಸಾಲ ಮಾಡಿದ ಮನುಷ್ಯ ಆ ದುಡ್ಡಲ್ಲಿ ಒಂದು ರೂಪಾಯಿ ಮುಟ್ಟಿರಲಿಲ್ಲ. ಸಂಘದ ಕಂತು ಬಾಕಿ, ಮಗಳ ಫೀಸ್ ಬಾಕಿ, ಆದರೂ ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ.

ಅಪಾಯ ಎಲ್ಲಿತ್ತು

ಅಮ್ಮನಿಗೆ ಪಿಎಚ್‌ಕ್ಯೂ-9 ಕೇಳಿದೆ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳು. 27ಕ್ಕೆ 17, ಅಂದರೆ ಖಿನ್ನತೆ ಸಾಕಷ್ಟು ಗಟ್ಟಿಯಾಗಿದೆ. ರಾತ್ರಿ ಊಟ ಬಿಟ್ಟು ತಿಂಗಳುಗಳಾಗಿದ್ದವು, ಸಂಘದ ಸಭೆಗೆ ಹೋಗುವುದು ನಿಂತಿತ್ತು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ನೇರವಾಗಿ ಕೇಳಬೇಕು. ಕೇಳಿದೆ.

"ಕೊಟ್ಟಿಗೇಲಿ ಡಬ್ಬ ಐತೆ ಅಂತ ಗೊತ್ತು. ಮಗಳು ಇದಾಳಲ್ಲ ಅಂತ ಸುಮ್ನಾಗ್ತೀನಿ."

ಡಬ್ಬ ಅಂದರೆ ಕಬ್ಬಿಗೆ ಹೊಡೆಯುವ ಕಳೆನಾಶಕ, ಪ್ಯಾರಾಕ್ವಾಟ್. ಒಳಗೆ ಹೋದರೆ ಅದಕ್ಕೆ ಪ್ರತಿ ಔಷಧಿಯೇ ಇಲ್ಲ. ಅವತ್ತೇ ಭಾವಮೈದುನನನ್ನು ಕರೆಸಿ, ಅಮ್ಮನ ಒಪ್ಪಿಗೆ ಪಡೆದು, ಡಬ್ಬಗಳನ್ನೆಲ್ಲ ಅವನ ಮನೆಗೆ ಸಾಗಿಸಿದೆವು. ಉಳಿದ ಪ್ಲಾನ್ ಏನಿದ್ದರೂ ಅದರ ನಂತರ.

ಅಡುಗೆಮನೆಯಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಯಾರೋ ನೆಂಟರು ತಂದುಕೊಟ್ಟ ಡೈಸಲ್ಫಿರಾಂ ಮಾತ್ರೆ. "ಗೊತ್ತಾಗದ ಹಾಗೆ ಸಾರಲ್ಲಿ ಹಾಕಿ, ತಾನೇ ಬಿಡ್ತಾನೆ" ಅಂದಿದ್ದರಂತೆ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಬಿದ್ದು, ಹೃದಯಕ್ಕೇ ತೊಂದರೆ ಬರಬಹುದು. ಕುಡಿಯುವವರಿಗೆ ತಿಳಿಸದೆ, ಅವರು ಒಪ್ಪದೆ ಕೊಡಲೇಬಾರದ ಮಾತ್ರೆ. ಅಮ್ಮ ಹೆದರಿ ಹಾಕಿರಲಿಲ್ಲ, ಒಳ್ಳೆಯದಾಯಿತು. ಈ ಸಲಹೆ ಹಳ್ಳಿ ಹಳ್ಳಿಯಲ್ಲೂ ಓಡಾಡುತ್ತಿದೆ. ಮನೆ ಭೇಟಿಗೆ ಹೋದವರು ದಯವಿಟ್ಟು ಕೇಳಿ ನೋಡಿ.

ಅಮ್ಮನ ದುಃಖಕ್ಕೆ ದೀರ್ಘ ಶೋಕ ಅನ್ನಬಹುದೇ? ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಪ್ರಕಾರ ಕನಿಷ್ಠ ಆರು ತಿಂಗಳು ದಾಟಿರಬೇಕು, ಆ ಸಮಾಜದ ರೂಢಿಗಿಂತಲೂ ಹೆಚ್ಚಿರಬೇಕು, ದಿನದ ಬದುಕು ಕೆಟ್ಟಿರಬೇಕು. ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ ದೊಡ್ಡವರಿಗೆ ಒಂದು ವರ್ಷ ಅನ್ನುತ್ತದೆ. ಲಕ್ಷಣ ಬರೆದು ಕಳಿಸಿದೆ, ತೀರ್ಮಾನ ಮನೋವೈದ್ಯರದ್ದು. ಅಪ್ಪನ ಶೋಕವನ್ನು ಆಗಲೇ ಅಳೆಯಲಿಲ್ಲ. ಮದ್ಯವೇ ಮನಸ್ಸನ್ನು ಕುಗ್ಗಿಸುತ್ತದೆ. ಕೆಲವು ವಾರ ಕುಡಿಯದೆ ಇದ್ದ ಮೇಲೆ ನೋಡಿದರೇ ನಿಜ ಗೊತ್ತಾಗುವುದು.

ನರ್ಸಿಂಗ್ ಡಯಾಗ್ನೊಸಿಸ್, ಅಂದರೆ ನರ್ಸ್ ಗಮನ ಕೊಡಬೇಕಾದ ತೊಂದರೆಗಳನ್ನು ಬರೆದ ಕ್ರಮ ಹೀಗಿತ್ತು. ಮೊದಲು ಅಮ್ಮನ ಆತ್ಮಹತ್ಯೆಯ ಅಪಾಯ. ಎರಡನೆಯದು ಅಪ್ಪ ಮತ್ತೆ ಕುಡಿತಕ್ಕೆ ಮರಳಿ ಒಮ್ಮೆಲೇ ನಿಲ್ಲಿಸುವ ಅಪಾಯ. ಆಮೇಲೆ ಮನೆಯವರೆಲ್ಲರ ಹೇಳಿಕೊಳ್ಳದ ಶೋಕ, ಮಾತುಕತೆ ಕೆಟ್ಟಿರುವುದು, ವಯಸ್ಸಿಗೆ ಮೀರಿದ ಹೊರೆ ಹೊತ್ತ ಮಗಳು.

ಕೊರತೆ ಬರೆಯುವಾಗ ಗಟ್ಟಿ ಇರುವುದನ್ನೂ ಬರೆಯಬೇಕು, ಬಾಯಿಬಿಟ್ಟು ಅವರಿಗೇ ಹೇಳಬೇಕು. ಮಗ ಸತ್ತ ವಾರವೂ ಈ ಮನೆಯ ಹಾಲು ಡೇರಿಗೆ ತಪ್ಪಿರಲಿಲ್ಲ. ಹುಡುಗಿ ಒಂದು ಪರೀಕ್ಷೆಯನ್ನೂ ಬಿಟ್ಟಿರಲಿಲ್ಲ. ಅಪ್ಪ ಮಾಲೆ ಹಾಕಿದ್ದು ಬಿಡಬೇಕು ಅನ್ನುವ ಮನಸ್ಸಿದ್ದುದಕ್ಕೆ. ಇದನ್ನು ಹೇಳಿದಾಗ ಅಪ್ಪ ಮೊದಲ ಸಲ ನನ್ನ ಮುಖ ನೋಡಿದರು.

ಮಾಡಿದ್ದು, ಆದದ್ದು

ಅಪ್ಪನಿಗೆ ಲಿವರ್ ಕೆಟ್ಟಿದ್ದರಿಂದ ಡಾಕ್ಟರು ಕುಡಿಯುವ ತುಡಿತ ಕಡಿಮೆ ಮಾಡುವ ಅಕಾಂಪ್ರೊಸೇಟ್ ಕೊಟ್ಟರು. 333 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಮೂರು ಹೊತ್ತು ಎರಡೆರಡು. ಆರು ಮಾತ್ರೆ ನೆನಪಿಡುವುದು ಕಷ್ಟ. ಬೆಳಗಿನ, ಸಂಜೆಯ ಹಾಲಿಗೆ ಎರಡು ಹೊತ್ತು ಜೋಡಿಸಿದೆವು, ಮಧ್ಯಾಹ್ನದ್ದು ಊಟದ ಜೊತೆ. ಮಾತ್ರೆ ಕಾಯುವ ಕೆಲಸ ಮಗಳಿಗೆ ಬೇಡ ಅಂತ ಖಡಾಖಂಡಿತ ಹೇಳಿದೆ. ಅದು ಅಪ್ಪನದೇ ಕೆಲಸ, ಬೇಕಾದರೆ ಭಾವಮೈದುನ ಕೇಳಲಿ. ಗಾಡಿ ಕೀ ಬಚ್ಚಿಡುವುದನ್ನೂ ಅವಳ ಕೈಯಿಂದ ತೆಗೆದೆವು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಗಂಡ ಹೆಂಡತಿ ಇಬ್ಬರೂ ಬರುವ ಹಾಗಾಯಿತು. ಅಮ್ಮನಿಗೆ ಖಿನ್ನತೆಯ ಮಾತ್ರೆ ಮತ್ತು ಆಪ್ತ ಸಮಾಲೋಚನೆ ಶುರುವಾಯಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೋಶಲ್ಲಿರುವಾಗ ಮಗನ ಮಾತಾಡುವುದು. ಸಂಜೆ ಹಾಲು ಹಾಕಿ ಬಂದ ಮೇಲೆ, ಕಾಫಿ ಹೊತ್ತಿಗೆ, ಹತ್ತು ನಿಮಿಷ. ಬೈಗುಳ ಇಲ್ಲ. ಯಾರಾದರೂ ಎದ್ದು ಹೋದರೆ ತಡೆಯಬಾರದು, ವಾಪಸ್ ಬಂದರೆ ಜಾಗ ಇರಬೇಕು. ಮೊದಮೊದಲು ನಾನೋ ಆಶಾ ಕಾರ್ಯಕರ್ತೆಯೋ ಇದ್ದಾಗ ಮಾತ್ರ ನಡೆಯಿತು. ಮೊದಲು ಬಾಯಿಬಿಟ್ಟವರು ಅಜ್ಜಿ, ನಾಲೆಯಲ್ಲಿ ಹೋದ ತನ್ನ ಮಗುವಿನ ಬಗ್ಗೆ. ಆಮೇಲೆ ಹುಡುಗ ಗಾಡಿ ಕಲಿತದ್ದು, ಕಬಡ್ಡಿಯಲ್ಲಿ ಹಲ್ಲು ಮುರಿದುಕೊಂಡದ್ದು ಬಂತು. ಆ ರಾತ್ರಿಯ ಮಾತು ಬಂದದ್ದು ಎಷ್ಟೋ ವಾರಗಳ ನಂತರ. "ಕಳಿಸಿದ್ದು ನಾನು" ಅಂತ ಅಮ್ಮನೇ ಹೇಳಿದರು. ಅಪ್ಪ "ಬಿದ್ದಿದ್ದು ನಾನಲ್ವಾ" ಅಂದರು. ಇಬ್ಬರಲ್ಲಿ ಯಾರೂ ಅವತ್ತು ಎದ್ದು ಹೋಗಲಿಲ್ಲ.

ನೇರ ದಾರಿ ಆಗಿರಲಿಲ್ಲ. ಹನ್ನೊಂದನೇ ವಾರ ನೆಂಟರ ಮನೆಯ ಬೀಗರ ಊಟದಲ್ಲಿ ಅಪ್ಪ ಕುಡಿದರು, ಮಾರನೇ ದಿನವೂ ಕುಡಿದರು. ಜಾರಿದರೆ ಏನು ಮಾಡಬೇಕು ಅಂತ ಮೊದಲೇ ಮಾತಾಡಿದ್ದರಿಂದ ಅಮ್ಮ ಬೈಯದೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರು. ಮೂರನೇ ದಿನ ಅಪ್ಪ ತಾವಾಗಿಯೇ ಆಸ್ಪತ್ರೆಗೆ ಬಂದರು. ಅದಾದ ಮೇಲೆ ಮಂಡ್ಯ ಸೀಮೆಯ ಯಾವ ಬೀಗರ ಊಟಕ್ಕೂ ಒಬ್ಬರೇ ಹೋಗುವುದಿಲ್ಲ ಅಂತ ತೀರ್ಮಾನವಾಯಿತು. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಯವರೊಬ್ಬರು ಪಕ್ಕದ ಊರಲ್ಲಿದ್ದಾರೆ, ಅವರ ಒಡನಾಟ ಔಷಧಿಯಷ್ಟೇ ಉಪಕಾರ ಮಾಡುತ್ತಿದೆ.

ಮಗಳು ಪಿಯುಸಿ ಪಾಸಾದಳು. ಪರೀಕ್ಷೆ ಹೊತ್ತಲ್ಲಿ ಒಂದು ರಾತ್ರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ತಾನೇ ಫೋನ್ ಮಾಡಿದ್ದಾಗಿ ಆಮೇಲೆ ಹೇಳಿದಳು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದರೂ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಈ ನಂಬರ್ ಬಾಯಿಪಾಠ ಇರಲಿ ಅಂತ ಈಗ ಎಲ್ಲ ಮನೆಯಲ್ಲೂ ಹೇಳುತ್ತೇನೆ.

ಒಂಬತ್ತು ತಿಂಗಳ ಹೊತ್ತಿಗೆ ಅಮ್ಮನ ಪಿಎಚ್‌ಕ್ಯೂ-9 ಎಂಟಕ್ಕೆ ಇಳಿದಿದೆ, ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಮಾತ್ರೆ ನಿಲ್ಲಿಸುವ ಮಾತು ಇನ್ನೂ ಬೇಡ ಅಂದಿದ್ದಾರೆ ಡಾಕ್ಟರು. ವಿಮೆ ದುಡ್ಡಿನ ವಿಷಯ ಬಗೆಹರಿದಿಲ್ಲ. ಮಗಳ ಓದಿಗೆ ಇಡೋಣ ಅಂತ ಅಮ್ಮ, ಅದನ್ನು ಮುಟ್ಟುವುದು ಬೇಡ ಅಂತ ಅಪ್ಪ. ಕೇಳಬೇಕಾದವಳನ್ನು, ಅಂದರೆ ಮಗಳನ್ನು, ಇಬ್ಬರೂ ಇನ್ನೂ ಕೇಳಿಲ್ಲ. ಮುಂದಿನ ಭೇಟಿಯಲ್ಲಿ ಆ ಮಾತು ಎತ್ತುತ್ತೇನೆ. ಮಹಾಲಯ ಅಮಾವಾಸ್ಯೆಯ ಎಡೆ, ಅದರ ಬೆನ್ನಿಗೇ ಎರಡನೇ ವರ್ಷದ ತಿಥಿ ಬರುತ್ತಿದೆ. ಆ ಎರಡು ವಾರ ಆಶಾ ಕಾರ್ಯಕರ್ತೆ ದಿನಾ ಸಂಜೆ ಮನೆ ಕಡೆ ಹೋಗಿ ಬರುತ್ತಾರೆ, ನವಜೀವನದವರು ಅಪ್ಪನ ಜೊತೆ ಇರುತ್ತಾರೆ. ಕಳೆನಾಶಕದ ಡಬ್ಬ ಈಗಲೂ ಭಾವಮೈದುನನ ಮನೆಯಲ್ಲೇ ಇದೆ. ಹೊಡೆಯಬೇಕಾದ ದಿನ ತಂದು, ಉಳಿದದ್ದನ್ನು ಅವತ್ತೇ ವಾಪಸ್ ಕೊಟ್ಟು ಬರುತ್ತಾರೆ.